ಒಂದೇ ಮಾತ್ರೆ, ಇಬ್ಬರಿಗೆ ಬೇರೆ ಬೇರೆ ಫಲ ಏಕೆ?



ನಮ್ಮ ಸೇಲಂ, ಧರ್ಮಪುರಿ ಕಡೆಯವರು ಕ್ಯಾನ್ಸರ್ ಚಿಕಿತ್ಸೆಗಾಗಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಗೋ ಹೋಗಿ ಬರುವುದುಂಟು. ಸ್ತನ ಕ್ಯಾನ್ಸರ್ ಬಂದ ಒಬ್ಬರಿಗೆ ಐದು ವರ್ಷ ನುಂಗಲು ಮಾತ್ರೆ ಕೊಡುತ್ತಾರೆ, ಇನ್ನೊಬ್ಬರಿಗೆ ಕೊಡುವುದಿಲ್ಲ. ಇದು ಭೇದಭಾವ ಅಲ್ಲ. ಕಾರಣ ಜೀವಕೋಶದೊಳಗಿನ ಒಂದು ಪ್ರೋಟೀನಿನಲ್ಲಿದೆ.

ಗ್ರಾಹಕ ಎಂದರೇನು?

ಈಸ್ಟ್ರೋಜೆನ್ ಎಂಬ ಹಾರ್ಮೋನು ರಕ್ತದ ಜೊತೆ ದೇಹವೆಲ್ಲ ಸುತ್ತುತ್ತದೆ. ಆದರೆ ಅದರ ಮಾತು ಕೇಳುವುದು ಅದಕ್ಕೆ ತಕ್ಕ ಗ್ರಾಹಕ ಪ್ರೋಟೀನು ಇರುವ ಜೀವಕೋಶ ಮಾತ್ರ. ತೋಟದ ಪಂಪ್‌ಸೆಟ್ಟು ನೋಡಿದ್ದೀರಲ್ವಾ? ಗ್ರಾಹಕವೇ ಸ್ಟಾರ್ಟರ್, ಈಸ್ಟ್ರೋಜೆನ್ ಅದರ ಗುಂಡಿ ಒತ್ತುವ ಬೆರಳು. ಗುಂಡಿ ಒತ್ತಿದರೆ ಮೋಟಾರು ಓಡುವ ಹಾಗೆ, ಇಲ್ಲಿ ಜೀವಕೋಶ ವಿಭಜನೆಯಾಗುತ್ತಾ ಹೋಗುತ್ತದೆ.

1896ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಜಾರ್ಜ್ ಬೀಟ್ಸನ್, ಅಂಡಾಶಯ ತೆಗೆದರೆ ಕೆಲವರ ಸ್ತನ ಕ್ಯಾನ್ಸರ್ ಕುಗ್ಗುತ್ತದೆ ಎಂದು ತಿಳಿಸಿದರು. ಎಲ್ಲರಿಗೂ ಏಕಿಲ್ಲ? 1950ರ ದಶಕದ ಕೊನೆಯಲ್ಲಿ ಅಮೆರಿಕದ ಎಲ್ವುಡ್ ಜೆನ್ಸನ್ ಈಸ್ಟ್ರೋಜೆನ್ ಗ್ರಾಹಕವನ್ನು ಕಂಡುಹಿಡಿದ ಮೇಲೆ ಉತ್ತರ ಸಿಕ್ಕಿತು. ಗ್ರಾಹಕ ಇಲ್ಲದ ಗೆಡ್ಡೆಗೆ ಹಾರ್ಮೋನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮಾತ್ರೆ ಏನು ಮಾಡುತ್ತದೆ?

ಟ್ಯಾಮೊಕ್ಸಿಫೆನ್ ಮಾತ್ರೆ ಗ್ರಾಹಕದ ಮೇಲೆ ತಾನೇ ಹೋಗಿ ಕೂರುತ್ತದೆ. ಬೆರಳಿಗೆ ಜಾಗವೇ ಇರುವುದಿಲ್ಲ. ಗ್ರಾಹಕ ಇರುವವರು ಇದನ್ನು ಐದು ವರ್ಷ ತೆಗೆದುಕೊಂಡರೆ, 15 ವರ್ಷಗಳಲ್ಲಿ ಈ ರೋಗದಿಂದ ಆಗುವ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಗ್ರಾಹಕ ಇಲ್ಲದವರಿಗೆ ಇದರಿಂದ ಪ್ರಯೋಜನವಿಲ್ಲ; ಅವರಿಗೆ ಕೀಮೋಥೆರಪಿಯಂಥ ಬೇರೆ ದಾರಿಗಳಿವೆ.

ಗ್ರಾಹಕ ಇದ್ದರೂ ಕೆಲವೊಮ್ಮೆ ಮಾತ್ರೆ ಸೋಲುವುದೇಕೆ?

ಗ್ರಾಹಕ ಒಂಟಿಯಾಗಿ ದುಡಿಯುವುದಿಲ್ಲ. ಬೇರೆ ಪ್ರೋಟೀನುಗಳು ಅದನ್ನು ಹಿಡಿತದಲ್ಲಿಡುತ್ತವೆ. ಎಐಬಿ1ನಂಥ ಸಹಾಯಕ ಪ್ರೋಟೀನುಗಳು ಅಂಟಿಕೊಂಡರೆ ಅದರ ಕೆಲಸ ಜೋರಾಗುತ್ತದೆ. ತಡೆಯುವ ಪ್ರೋಟೀನುಗಳು ಅಂಟಿದರೆ ನಿಲ್ಲುತ್ತದೆ. ಜೀವಕೋಶದ ಹೊರಪೊರೆಯಲ್ಲಿರುವ ಹೆರ್-2 ಪ್ರೋಟೀನು ಅತಿಯಾದರೆ, ಅದು ಒಳಗೆ ಸಂಕೇತ ಕಳಿಸಿ ಗ್ರಾಹಕವನ್ನೂ ಸಹಾಯಕರನ್ನೂ ಎಬ್ಬಿಸುತ್ತದೆ. ಸ್ಟಾರ್ಟರ್ ಗುಂಡಿ ಬಿಟ್ಟು ನೇರವಾಗಿ ವೈರ್ ಕೊಟ್ಟು ಮೋಟಾರು ಓಡಿಸಿದ ಹಾಗೆ! ಆಗ ಹೆರ್-2 ಅನ್ನೇ ತಡೆಯುವ ಔಷಧಿಯೂ ಬೇಕಾಗುತ್ತದೆ. ಫುಲ್ವೆಸ್ಟ್ರಾಂಟ್ ಎಂಬ ಚುಚ್ಚುಮದ್ದಿನ ರೀತಿಯೇ ಬೇರೆ: ಅದು ಅಂಟಿಕೊಂಡ ಗ್ರಾಹಕವನ್ನು ಜೀವಕೋಶವೇ ಒಡೆದುಹಾಕುತ್ತದೆ.

ಪರೀಕ್ಷೆ ಏಕೆ ಮುಖ್ಯ?

ಗೆಡ್ಡೆಯ ಚೂರಿಗೆ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ಮೂರು ಪ್ರೋಟೀನು ಹುಡುಕುತ್ತಾರೆ: ಈಸ್ಟ್ರೋಜೆನ್ ಗ್ರಾಹಕ, ಪ್ರೊಜೆಸ್ಟೆರಾನ್ ಗ್ರಾಹಕ, ಹೆರ್-2. ಎರಡನೆಯದು ತಯಾರಾಗುವುದು ಮೊದಲನೆಯದರ ಅಪ್ಪಣೆಯಿಂದ. ಆದ್ದರಿಂದ ಅದು ಕಂಡರೆ ಸ್ಟಾರ್ಟರ್ ಬರೀ ಇದೆ ಅಂತಲ್ಲ, ಕೆಲಸವನ್ನೂ ಮಾಡುತ್ತಿದೆ ಎಂದರ್ಥ.

ತೆಗೆದ ಚೂರನ್ನು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಬೇಕು. ತಡವಾದರೆ ಪ್ರೋಟೀನು ಕೆಡುತ್ತದೆ, ಇರುವ ಗ್ರಾಹಕವೂ "ಇಲ್ಲ" ಎಂದು ಬರಬಹುದು. ಆಗ ಉಳಿಸಬಲ್ಲ ಮಾತ್ರೆ ಆ ತಾಯಿಗೆ ಸಿಗದೇ ಹೋಗುತ್ತದೆ.

ಮನೆಯಲ್ಲಿ ಹೇಳಿ

ಸ್ತನದಲ್ಲಿ ಗಂಟು ಕಂಡರೆ ನಾಚಿಕೆ ಬೇಡ, ನೋವಿಲ್ಲದಿದ್ದರೂ ಬೇಗ ವೈದ್ಯರಿಗೆ ತೋರಿಸಬೇಕು. ಪರೀಕ್ಷೆಯ ವರದಿ ಜೋಪಾನವಾಗಿಡಬೇಕು. ಮೈ ಬಿಸಿಯೇರುತ್ತದೆ ಅಂತಲೋ, ಈಗ ಚೆನ್ನಾಗಿದ್ದೇನೆ ಅಂತಲೋ ವೈದ್ಯರನ್ನು ಕೇಳದೆ ಮಾತ್ರೆ ಬಿಡಬಾರದು.

ಯೋಚಿಸಿ: ಪ್ರೊಜೆಸ್ಟೆರಾನ್ ಗ್ರಾಹಕ ಇಲ್ಲದೆ ಈಸ್ಟ್ರೋಜೆನ್ ಗ್ರಾಹಕ ಮಾತ್ರ ಕಂಡರೆ, ಮಾತ್ರೆಯ ಫಲ ಹೇಗಿರಬಹುದು? ಕಾರಣ ಕೊಡಿ.