ಗೃಹಬಳಕೆಯ ಗಣಕಯಂತ್ರಗಳಲ್ಲಿ ಬ್ರೌಸರ್ ಅಪಹರಣ: ನಿವಾರಣಾ ಕ್ರಮಗಳು ಹಾಗೂ ಮುನ್ನೆಚ್ಚರಿಕೆ

ಪೀಠಿಕೆ

ಭರಮಸಾಗರವು ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರವಾಗಿದ್ದು, ಚಿತ್ರದುರ್ಗ ಮತ್ತು ದಾವಣಗೆರೆ ನಗರಗಳ ನಡುವೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿದೆ. ಪಹಣಿಯ ಪರಿಶೀಲನೆ, ಜಾತಿ ಹಾಗೂ ಆದಾಯ ಪ್ರಮಾಣಪತ್ರದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಫಲಿತಾಂಶ, ಬೆಸ್ಕಾಂ ಬಿಲ್ಲಿನ ಪಾವತಿ ಮುಂತಾದ ಕೆಲಸಗಳಿಗೆ ಹೋಬಳಿಯ ಗ್ರಾಮಸ್ಥರು ಹಿಂದೆ ಕಚೇರಿಗಳಿಗೆ ಅಲೆಯಬೇಕಾಗಿತ್ತು. ಇಂದು ಇವುಗಳನ್ನು ಮನೆಯ ಗಣಕಯಂತ್ರದಲ್ಲಿಯೇ ಮಾಡಿಕೊಳ್ಳಬಹುದಾಗಿದೆ. ಈ ಎಲ್ಲ ಸೇವೆಗಳಿಗೂ ಪ್ರವೇಶದ್ವಾರ ಒಂದೇ. ಅದು ಕ್ರೋಮ್, ಎಡ್ಜ್ ಅಥವಾ ಫೈರ್‌ಫಾಕ್ಸ್‌ನಂತಹ ಬ್ರೌಸರ್ ತಂತ್ರಾಂಶವಾಗಿರುತ್ತದೆ.

ಈ ಬ್ರೌಸರನ್ನೇ ಬಳಕೆದಾರರ ಅರಿವಿಗೆ ಬಾರದಂತೆ ವಶಪಡಿಸಿಕೊಂಡು, ಅವರು ಹೋಗಬೇಕೆಂದ ಕಡೆಗೆ ಬಿಡದೆ ಬೇರೆ ಕಡೆಗೆ ತಿರುಗಿಸುವ ತಂತ್ರಾಂಶಕ್ಕೆ ‘ಬ್ರೌಸರ್ ಹೈಜಾಕರ್’ ಅಥವಾ ಬ್ರೌಸರ್ ಅಪಹಾರಕ ಎಂದು ಹೆಸರು. ಇದನ್ನು ಗುರುತಿಸುವ, ತೆಗೆದುಹಾಕುವ ಹಾಗೂ ಮರಳಿ ಬಾರದಂತೆ ತಡೆಯುವ ವಿಧಾನವನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಅಪಹಾರಕವು ಮಾಡುವುದೇನು?

ಸಾಮಾನ್ಯವಾಗಿ ‘ವೈರಸ್’ ಎಂದೊಡನೆ ಕಡತಗಳನ್ನು ಹಾಳುಮಾಡುವ ತಂತ್ರಾಂಶವೆಂದು ಭಾವಿಸಲಾಗುತ್ತದೆ. ಬ್ರೌಸರ್ ಅಪಹಾರಕದ ಉದ್ದೇಶ ಹಾಳುಗೆಡಹುವುದಲ್ಲ, ಸಂಪಾದನೆ. ಬಳಕೆದಾರರು ಮಾಡುವ ಪ್ರತಿಯೊಂದು ಶೋಧವನ್ನೂ ತನ್ನ ಪುಟದ ಮೂಲಕ ಹಾಯಿಸಿ, ಅಲ್ಲಿ ತೋರಿಸುವ ಜಾಹೀರಾತುಗಳಿಂದ ಅದರ ಕರ್ತೃಗಳು ಹಣ ಗಳಿಸುತ್ತಾರೆ. ಗಣಕಯಂತ್ರವು ಕೆಟ್ಟು ನಿಂತರೆ ಅವರ ಗಳಿಕೆಯೂ ನಿಲ್ಲುವುದರಿಂದ, ಯಂತ್ರವು ಎಂದಿನಂತೆ ನಡೆಯುತ್ತಿರುವಂತೆ ಕಾಣಿಸುತ್ತದೆ. ಈ ಕಾರಣದಿಂದಲೇ ಅನೇಕ ಮನೆಗಳಲ್ಲಿ ಇದು ತಿಂಗಳುಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ.

ಇದಕ್ಕೆ ‘ಫೈರ್‌ಬಾಲ್’ ಪ್ರಕರಣವು ಒಂದು ನಿದರ್ಶನ. 2017ರ ಜೂನ್ ತಿಂಗಳಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆಯು ಈ ಅಪಹಾರಕವನ್ನು ಕುರಿತು ವರದಿ ಪ್ರಕಟಿಸಿತು. ಉಚಿತ ತಂತ್ರಾಂಶಗಳ ಜೊತೆಯಲ್ಲಿ ಸೇರಿಕೊಂಡು ಬರುತ್ತಿದ್ದ ಇದು ಮುಖಪುಟ ಹಾಗೂ ಶೋಧಯಂತ್ರವನ್ನು ಬದಲಾಯಿಸುತ್ತಿತ್ತು. ಜಗತ್ತಿನಾದ್ಯಂತ ಸುಮಾರು 25 ಕೋಟಿ ಗಣಕಯಂತ್ರಗಳು ಬಾಧಿತವಾಗಿವೆ, ಅವುಗಳಲ್ಲಿ 2.53 ಕೋಟಿ ಭಾರತದಲ್ಲಿವೆ ಎಂಬುದು ಆ ಸಂಸ್ಥೆಯ ಅಂದಾಜಾಗಿತ್ತು. ದೇಶವಾರು ಪಟ್ಟಿಯಲ್ಲಿ ಭಾರತವೇ ಮೊದಲ ಸ್ಥಾನದಲ್ಲಿತ್ತು. ಈ ಸಂಖ್ಯೆಯು ಉತ್ಪ್ರೇಕ್ಷಿತವೆಂದು ಮೈಕ್ರೋಸಾಫ್ಟ್ ಸಂಸ್ಥೆಯು ಅದೇ ತಿಂಗಳು ಅಭಿಪ್ರಾಯಪಟ್ಟಿತಾದರೂ, ಅಪಾಯವು ನಿಜವೆಂಬುದನ್ನು ಅಲ್ಲಗಳೆಯಲಿಲ್ಲ.

ನಾಗರಿಕರಿಗೆ ಆಗಬಹುದಾದ ಹಾನಿ

ಜಾಹೀರಾತು ಕಾಣಿಸಿಕೊಳ್ಳುವುದಷ್ಟೇ ತೊಂದರೆಯಾಗಿದ್ದಲ್ಲಿ ಅದನ್ನು ಕಿರಿಕಿರಿಯೆಂದು ಸಹಿಸಿಕೊಳ್ಳಬಹುದಾಗಿತ್ತು. ನಿಜವಾದ ಅಪಾಯವಿರುವುದು ದಾರಿ ತಪ್ಪಿಸುವುದರಲ್ಲಿ. ಉದಾಹರಣೆಗೆ, ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ಕಡೆಯ ದಿನ ಸಮೀಪಿಸಿರುವಾಗ ವಿದ್ಯಾರ್ಥಿಯೊಬ್ಬರು ಬ್ರೌಸರಿನಲ್ಲಿ ಶೋಧ ಮಾಡುತ್ತಾರೆ ಎಂದು ಭಾವಿಸೋಣ. ಅಪಹಾರಕವು ತೋರಿಸುವ ಫಲಿತಾಂಶಗಳಲ್ಲಿ ಅಧಿಕೃತ ಜಾಲತಾಣವು ಕೆಳಗೆ ಸರಿದು, ಹಣ ಕೊಟ್ಟವರ ಪುಟವು ಮೇಲೆ ಬರಬಹುದು. ಆ ಪುಟವು ಸರ್ಕಾರಿ ಪುಟವನ್ನೇ ಹೋಲುವಂತಿದ್ದು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಮತ್ತು ‘ಸೇವಾ ಶುಲ್ಕ’ವನ್ನು ಪಡೆದುಕೊಳ್ಳಬಹುದು. ಅರ್ಜಿ ಸಲ್ಲಿಕೆಯಾಯಿತೆಂದು ವಿದ್ಯಾರ್ಥಿಯು ನಿಶ್ಚಿಂತರಾಗಿರುತ್ತಾರೆ. ಇಲಾಖೆಗೆ ಅರ್ಜಿ ತಲುಪಿಯೇ ಇರುವುದಿಲ್ಲ. ಕಡೆಯ ದಿನವೂ ಮೀರಿ ಹೋಗಿರುತ್ತದೆ.

ಇಂತಹ ಅನುಕರಣ ಪುಟಗಳು ಕಲ್ಪನೆಯಲ್ಲ. ಪಾಸ್‌ಪೋರ್ಟ್ ಸೇವೆಯ ಹೆಸರಿನಲ್ಲಿ ಹಣ ಹಾಗೂ ವೈಯಕ್ತಿಕ ವಿವರ ಪಡೆಯುತ್ತಿದ್ದ ನಕಲಿ ಜಾಲತಾಣಗಳ ಬಗ್ಗೆ ವಿದೇಶಾಂಗ ಸಚಿವಾಲಯವೇ ಸಾರ್ವಜನಿಕರಿಗೆ ಎಚ್ಚರಿಕೆ ನೀಡಿರುತ್ತದೆ. ಆದುದರಿಂದ ಬ್ರೌಸರ್ ತನ್ನ ಹತೋಟಿಯಲ್ಲಿದೆಯೇ ಎಂಬುದನ್ನು ಪ್ರತಿಯೊಂದು ಕುಟುಂಬವೂ ಖಚಿತಪಡಿಸಿಕೊಳ್ಳುವುದು ಅವಶ್ಯ.

ಲಕ್ಷಣಗಳು

ಈ ಕೆಳಕಂಡವುಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ಸಂಶಯಪಡತಕ್ಕದ್ದು:

1. ಬ್ರೌಸರ್ ತೆರೆದಾಗ ಅಥವಾ ಹೊಸ ಟ್ಯಾಬ್ ತೆರೆದಾಗ ಅಪರಿಚಿತ ಶೋಧಪುಟ ಬರುವುದು.
2. ಮುಖಪುಟವನ್ನು ಸರಿಪಡಿಸಿದರೂ ಮರುದಿನ ಹಳೆಯ ತೊಂದರೆಯೇ ಮರುಕಳಿಸುವುದು.
3. ತಾವು ಅಳವಡಿಸದ ಟೂಲ್‌ಬಾರ್ ಅಥವಾ ಎಕ್ಸ್‌ಟೆನ್ಷನ್ ಕಾಣಿಸಿಕೊಳ್ಳುವುದು.
4. ಒಂದು ಕೊಂಡಿಯನ್ನು ಕ್ಲಿಕ್ಕಿಸಿದಾಗ ಎರಡು ಮೂರು ಪುಟಗಳು ಕ್ಷಣಮಾತ್ರ ಮಿಂಚಿ, ಬೇರೊಂದು ಪುಟ ತೆರೆಯುವುದು.
5. ಮನೆಯ ಗಣಕಯಂತ್ರವಾಗಿದ್ದರೂ, ಬ್ರೌಸರನ್ನು ‘ನಿಮ್ಮ ಸಂಸ್ಥೆಯು ನಿರ್ವಹಿಸುತ್ತಿದೆ’ ಎಂಬ ಸೂಚನೆ ಕಾಣುವುದು. ಕೆಲವು ವೈರಸ್ ನಿರೋಧಕ ತಂತ್ರಾಂಶಗಳಿಂದಲೂ ಈ ಸೂಚನೆ ಬರಬಹುದಾದ್ದರಿಂದ ಪರಿಶೀಲಿಸಿಯೇ ನಿರ್ಧರಿಸತಕ್ಕದ್ದು.

ಒಳಬರುವ ದಾರಿಗಳು

ಬಹುತೇಕ ಸಂದರ್ಭಗಳಲ್ಲಿ ಅಪಹಾರಕವು ಬಳಕೆದಾರರ ಒಪ್ಪಿಗೆಯನ್ನು ಪಡೆದೇ ಒಳಬರುತ್ತದೆ. ಆದರೆ ಒಪ್ಪಿಗೆ ಕೊಟ್ಟಿರುವುದು ಅವರ ಗಮನಕ್ಕೆ ಬಂದಿರುವುದಿಲ್ಲ.

ಮೊದಲನೆಯ ದಾರಿ, ಉಚಿತ ತಂತ್ರಾಂಶಗಳ ಜೊತೆಯ ಕಟ್ಟು. ಮೂಲ ಸಂಸ್ಥೆಯ ಜಾಲತಾಣದ ಬದಲು ಮಧ್ಯವರ್ತಿ ಡೌನ್‌ಲೋಡ್ ತಾಣಗಳಿಂದ ತಂತ್ರಾಂಶ ಪಡೆದಾಗ, ಅನುಸ್ಥಾಪನೆಯ ವೇಳೆ ಮೊದಲೇ ಟಿಕ್ ಮಾಡಿರುವ ಚೌಕಗಳು ಬರುತ್ತವೆ. ‘ನೆಕ್ಸ್ಟ್’ ಎಂದು ಒತ್ತುತ್ತ ಹೋದಂತೆಲ್ಲ ಟೂಲ್‌ಬಾರ್, ಶೋಧಯಂತ್ರ ಮುಂತಾದವು ಸೇರಿಕೊಳ್ಳುತ್ತವೆ. ಕನ್ನಡ ಬೆರಳಚ್ಚಿಗಾಗಿ ಹುಡುಕುವವರು ಇಲ್ಲಿ ವಿಶೇಷ ಗಮನ ವಹಿಸಬೇಕು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶವು ಉಚಿತವಾಗಿದ್ದು, ಅದನ್ನು ಅಧಿಕೃತ ತಾಣದಿಂದ ಮಾತ್ರ ಪಡೆಯತಕ್ಕದ್ದು. ಇದಲ್ಲದೆ ಈಚಿನ ವಿಂಡೋಸ್ ಆವೃತ್ತಿಗಳಲ್ಲಿ ಕನ್ನಡ ಕೀಲಿಮಣೆಯು ಅಡಕವಾಗಿದ್ದು, ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಸಾಕಾಗುತ್ತದೆ.

ಎರಡನೆಯ ದಾರಿ, ಸುಳ್ಳು ನವೀಕರಣ ಸೂಚನೆ. ‘ನಿಮ್ಮ ಫ್ಲ್ಯಾಶ್ ಪ್ಲೇಯರ್ ಹಳೆಯದಾಗಿದೆ’ ಎಂಬ ಸಂದೇಶವು ಇದಕ್ಕೆ ಉತ್ತಮ ಉದಾಹರಣೆ. ಅಡೋಬಿ ಸಂಸ್ಥೆಯು ಫ್ಲ್ಯಾಶ್ ಪ್ಲೇಯರನ್ನು 2020ರ ಡಿಸೆಂಬರ್ 31ಕ್ಕೆ ಕೈಬಿಟ್ಟಿರುವುದರಿಂದ, ಈಗ ಅದರ ಹೆಸರಿನಲ್ಲಿ ಬರುವ ನವೀಕರಣ ಸೂಚನೆಗಳನ್ನು ನಂಬತಕ್ಕದ್ದಲ್ಲ.

ಮೂರನೆಯ ದಾರಿ, ಎಕ್ಸ್‌ಟೆನ್ಷನ್‌ಗಳು. ಪಿ.ಡಿ.ಎಫ್. ಪರಿವರ್ತನೆ, ವಿಡಿಯೋ ಇಳಿಸಿಕೊಳ್ಳುವಿಕೆ, ರಿಯಾಯಿತಿ ಕೂಪನ್ ಮುಂತಾದ ಹೆಸರಿನ ಕೆಲವು ಎಕ್ಸ್‌ಟೆನ್ಷನ್‌ಗಳು ‘ಎಲ್ಲ ಜಾಲತಾಣಗಳಲ್ಲಿನ ನಿಮ್ಮ ಎಲ್ಲ ದತ್ತಾಂಶವನ್ನು ಓದುವ ಹಾಗೂ ಬದಲಾಯಿಸುವ’ ಅನುಮತಿಯನ್ನು ಕೇಳುತ್ತವೆ. ಅಂತಹ ಅನುಮತಿ ನೀಡಿದ ನಂತರ ಬ್ಯಾಂಕಿನ ಪುಟವೂ ಅದರ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಗಮನಿಸತಕ್ಕದ್ದು.

ನಿವಾರಣಾ ಕ್ರಮಗಳು

ಅಪಹಾರಕವು ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ನೆಲೆಸಿರುತ್ತದೆ. ಮುಖಪುಟವನ್ನು ಮಾತ್ರ ಸರಿಪಡಿಸಿದರೆ, ಯಂತ್ರದಲ್ಲಿ ಉಳಿದಿರುವ ಮೂಲ ತಂತ್ರಾಂಶವು ಅದನ್ನು ಪುನಃ ಬದಲಾಯಿಸುತ್ತದೆ. ಆದುದರಿಂದ ಮೂಲದಿಂದ ಆರಂಭಿಸಿ, ಈ ಕೆಳಗಿನ ಅನುಕ್ರಮದಲ್ಲಿಯೇ ಕ್ರಮ ಕೈಗೊಳ್ಳತಕ್ಕದ್ದು. ಕೆಲಸ ಪೂರ್ಣಗೊಳ್ಳುವವರೆಗೆ ಆ ಯಂತ್ರದಲ್ಲಿ ಯಾವುದೇ ಗುಪ್ತಪದವನ್ನು ನಮೂದಿಸಬಾರದು.

1. ಸಿಂಕ್ ನಿಲ್ಲಿಸುವುದು: ಬ್ರೌಸರಿನಲ್ಲಿ ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯ ‘ಸಿಂಕ್’ ಚಾಲನೆಯಲ್ಲಿದ್ದರೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ಇಲ್ಲವಾದಲ್ಲಿ ಇಲ್ಲಿ ತೆಗೆದ ಎಕ್ಸ್‌ಟೆನ್ಷನ್ ಖಾತೆಯ ಮೂಲಕ ಮರಳಿ ಬರಬಹುದು.

2. ತಂತ್ರಾಂಶವನ್ನು ತೆಗೆಯುವುದು: ವಿಂಡೋಸ್‌ನ ‘ಸೆಟ್ಟಿಂಗ್ಸ್’ನಲ್ಲಿ ‘ಆ್ಯಪ್ಸ್’ ವಿಭಾಗವನ್ನು ತೆರೆದು, ಪಟ್ಟಿಯನ್ನು ಅನುಸ್ಥಾಪನೆಯ ದಿನಾಂಕದಂತೆ ಜೋಡಿಸಬೇಕು. ತೊಂದರೆ ಆರಂಭವಾದ ದಿನಗಳಲ್ಲಿ ಸೇರಿಕೊಂಡ ಅಪರಿಚಿತ ತಂತ್ರಾಂಶಗಳನ್ನು ‘ಅನ್‌ಇನ್‌ಸ್ಟಾಲ್’ ಮಾಡಬೇಕು. ಪ್ರಿಂಟರ್, ಧ್ವನಿ, ಗ್ರಾಫಿಕ್ಸ್ ಮುಂತಾದ ಚಾಲಕ ತಂತ್ರಾಂಶಗಳನ್ನು ಅಳಿಸದಂತೆ ಎಚ್ಚರ ವಹಿಸತಕ್ಕದ್ದು.

3. ಎಕ್ಸ್‌ಟೆನ್ಷನ್‌ಗಳನ್ನು ತೆಗೆಯುವುದು: ಬ್ರೌಸರಿನ ‘ಎಕ್ಸ್‌ಟೆನ್ಷನ್ಸ್’ ಪುಟದಲ್ಲಿ (ಫೈರ್‌ಫಾಕ್ಸ್‌ನಲ್ಲಿ ‘ಆಡ್-ಆನ್ಸ್’) ಅನಗತ್ಯವಾದವುಗಳನ್ನು ‘ರಿಮೂವ್’ ಮಾಡಬೇಕು. ನಿಷ್ಕ್ರಿಯಗೊಳಿಸಿದರೆ ಸಾಲದು. ಮನೆಯಲ್ಲಿ ಎರಡು ಬ್ರೌಸರ್‌ಗಳಿದ್ದಲ್ಲಿ ಎರಡನ್ನೂ ಪರಿಶೀಲಿಸಬೇಕು.

4. ಶಾರ್ಟ್‌ಕಟ್ ಪರಿಶೀಲನೆ: ಪರದೆಯ ಮೇಲಿನ ಬ್ರೌಸರ್ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ‘ಪ್ರಾಪರ್ಟೀಸ್’ನಲ್ಲಿ ‘ಟಾರ್ಗೆಟ್’ ಎಂಬ ಸಾಲನ್ನು ನೋಡಬೇಕು. ಅದರ ಕೊನೆಯಲ್ಲಿ ಯಾವುದಾದರೂ ಜಾಲತಾಣದ ವಿಳಾಸ ಅಂಟಿಕೊಂಡಿದ್ದಲ್ಲಿ, ಆ ಚಿಹ್ನೆಯನ್ನು ಅಳಿಸಿ ಹೊಸದನ್ನು ಸೃಷ್ಟಿಸಿಕೊಳ್ಳಬೇಕು.

5. ಪೂರ್ಣ ತಪಾಸಣೆ: ‘ವಿಂಡೋಸ್ ಸೆಕ್ಯುರಿಟಿ’ಯಲ್ಲಿ ‘ಫುಲ್ ಸ್ಕ್ಯಾನ್’ ನಡೆಸಬೇಕು. ನಂತರ ಅಲ್ಲಿಯೇ ಇರುವ ‘ಆಫ್‌ಲೈನ್ ಸ್ಕ್ಯಾನ್’ ನಡೆಸುವುದು ಒಳ್ಳೆಯದು. ಇದರಲ್ಲಿ ಯಂತ್ರವು ಪುನರಾರಂಭಗೊಂಡು, ವಿಂಡೋಸ್ ಪೂರ್ತಿ ತೆರೆಯುವ ಮೊದಲೇ ತಪಾಸಣೆ ನಡೆಯುವುದರಿಂದ ಅಡಗಿರುವ ತಂತ್ರಾಂಶಗಳು ಸಿಕ್ಕಿಬೀಳುತ್ತವೆ. ತೆರೆದಿರುವ ಕಡತಗಳನ್ನು ಮೊದಲು ಉಳಿಸಿಕೊಳ್ಳತಕ್ಕದ್ದು.

6. ಬ್ರೌಸರನ್ನು ಮೂಲ ಸ್ಥಿತಿಗೆ ತರುವುದು: ಕ್ರೋಮ್ ಹಾಗೂ ಎಡ್ಜ್‌ನಲ್ಲಿ ‘ರಿಸೆಟ್ ಸೆಟ್ಟಿಂಗ್ಸ್’, ಫೈರ್‌ಫಾಕ್ಸ್‌ನಲ್ಲಿ ‘ರಿಫ್ರೆಶ್’ ಎಂಬ ಸೌಲಭ್ಯವಿದೆ. ಇದರಿಂದ ಮುಖಪುಟ, ಶೋಧಯಂತ್ರ ಇತ್ಯಾದಿ ಮೂಲಸ್ಥಿತಿಗೆ ಮರಳುತ್ತವೆ. ಬುಕ್‌ಮಾರ್ಕ್‌ಗಳು ಮತ್ತು ಉಳಿಸಿದ ಗುಪ್ತಪದಗಳು ಅಳಿಯುವುದಿಲ್ಲ.

7. ಗುಪ್ತಪದಗಳ ಬದಲಾವಣೆ: ಮೊದಲು ಇ-ಮೇಲ್, ಅನಂತರ ಬ್ಯಾಂಕ್, ಆ ಬಳಿಕ ಇತರ ಖಾತೆಗಳ ಗುಪ್ತಪದಗಳನ್ನು ಬದಲಾಯಿಸಬೇಕು. ಬೇರೆ ಖಾತೆಗಳ ಗುಪ್ತಪದಗಳನ್ನು ಇ-ಮೇಲ್ ಮೂಲಕವೇ ಮರುಹೊಂದಿಸಬಹುದಾದ್ದರಿಂದ ಇ-ಮೇಲ್ ಮೊದಲು.

ಹಳೆಯ ಕೈಪಿಡಿಗಳಲ್ಲಿ ಕ್ರೋಮ್‌ನ ‘ಕ್ಲೀನಪ್ ಟೂಲ್’ ಬಳಸುವಂತೆ ಸೂಚಿಸಿರುವುದುಂಟು. ಗೂಗಲ್ ಸಂಸ್ಥೆಯು ಅದನ್ನು 2023ರ ಮಾರ್ಚ್‌ನಲ್ಲಿ ಹಿಂತೆಗೆದುಕೊಂಡಿರುತ್ತದೆ. ಈಗ ಆ ಹೆಸರಿನಲ್ಲಿ ಯಾರಾದರೂ ತಂತ್ರಾಂಶ ನೀಡಿದರೆ ಅಳವಡಿಸಿಕೊಳ್ಳಬಾರದು.

ಮುನ್ನೆಚ್ಚರಿಕೆ

ಅ) ಸರ್ಕಾರಿ ಸೇವೆಯ ಪುಟಕ್ಕೆ ಪ್ರತಿ ಬಾರಿಯೂ ಶೋಧದ ಮೂಲಕ ಹೋಗುವುದನ್ನು ಬಿಟ್ಟು, ಅಧಿಕೃತ ವಿಳಾಸವನ್ನು ಒಮ್ಮೆ ನಾಡಕಚೇರಿ, ಶಾಲೆ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಖಚಿತಪಡಿಸಿಕೊಂಡು ಬುಕ್‌ಮಾರ್ಕ್ ಮಾಡಿಕೊಳ್ಳಬೇಕು. ಮನೆಯ ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದೂ ಉಪಯುಕ್ತ.

ಆ) ವಿಳಾಸವನ್ನು ಓದುವಾಗ ಮೊದಲ ಓರೆಗೆರೆಗಿಂತ ಹಿಂದಿನ ಭಾಗವು ಹೇಗೆ ಮುಗಿಯುತ್ತದೆ ಎಂಬುದನ್ನು ನೋಡತಕ್ಕದ್ದು. ಸರ್ಕಾರಿ ತಾಣಗಳ ವಿಳಾಸವು ಸಾಮಾನ್ಯವಾಗಿ ‘ಡಾಟ್ ಗವ್ ಡಾಟ್ ಇನ್’ ಅಥವಾ ‘ಡಾಟ್ ನಿಕ್ ಡಾಟ್ ಇನ್’ ಎಂದು ಮುಗಿಯುತ್ತದೆ. ‘ಗವ್’ ಎಂಬ ಪದವು ನಡುವೆ ಎಲ್ಲೋ ಬಂದು ಕೊನೆಯಲ್ಲಿ ‘ಡಾಟ್ ಕಾಮ್’ ಇದ್ದರೆ ಅದು ಸರ್ಕಾರಿ ತಾಣವಲ್ಲ. ಬೀಗದ ಚಿಹ್ನೆಯು ಸಂಪರ್ಕವು ಗೂಢಲಿಪಿಯಲ್ಲಿದೆ ಎಂಬುದನ್ನಷ್ಟೇ ಸೂಚಿಸುತ್ತದೆ. ತಾಣವು ಅಸಲಿ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಇ) ಮಕ್ಕಳಿಗೆ ಹಾಗೂ ದಿನನಿತ್ಯದ ಬಳಕೆಗೆ ‘ಅಡ್ಮಿನಿಸ್ಟ್ರೇಟರ್’ ಅಲ್ಲದ ಸಾಮಾನ್ಯ ಖಾತೆಯನ್ನು ತೆರೆದುಕೊಡಬೇಕು. ಹಿರಿಯರ ಗುಪ್ತಪದವಿಲ್ಲದೆ ಅನೇಕ ತಂತ್ರಾಂಶಗಳು ಆಗ ಅಳವಡಿಕೆಯಾಗುವುದಿಲ್ಲ.

ಈ) ‘ವಿಂಡೋಸ್ ಸೆಕ್ಯುರಿಟಿ’ಯ ‘ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್’ ವಿಭಾಗದಲ್ಲಿ ಅನಪೇಕ್ಷಿತ ಆ್ಯಪ್‌ಗಳನ್ನು ತಡೆಯುವ ಸೌಲಭ್ಯವಿದ್ದು, ಅದನ್ನು ಚಾಲನೆಯಲ್ಲಿಡಬೇಕು.

ಉ) ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಹಾಗೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ಭದ್ರತಾ ನವೀಕರಣ ದೊರೆಯದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡದಿರುವುದು ಕ್ಷೇಮ.

ಊ) ಪರವಾನಗಿಯಿಲ್ಲದ ‘ಕ್ರ್ಯಾಕ್’ ತಂತ್ರಾಂಶಗಳನ್ನು ಅಳವಡಿಸಬಾರದು.

ಕಾನೂನು ಹಾಗೂ ದೂರು

ಮಾಲೀಕರ ಅನುಮತಿಯಿಲ್ಲದೆ ಗಣಕಯಂತ್ರಕ್ಕೆ ಹಾನಿಕಾರಕ ತಂತ್ರಾಂಶವನ್ನು ಸೇರಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 43ರ ಅನ್ವಯ ಪರಿಹಾರಕ್ಕೆ ಗುರಿಯಾಗುವ ಕೃತ್ಯವಾಗಿರುತ್ತದೆ. ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಹಾಗೆ ಮಾಡಿದಲ್ಲಿ ಪ್ರಕರಣ 66ರ ಅನ್ವಯ ಮೂರು ವರ್ಷಗಳವರೆಗಿನ ಕಾರಾವಾಸ ಅಥವಾ ಐದು ಲಕ್ಷ ರೂಪಾಯಿಗಳವರೆಗಿನ ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ.

ಹಣ ಕಳೆದುಕೊಂಡಿದ್ದಲ್ಲಿ ಯಂತ್ರವನ್ನು ಸರಿಪಡಿಸುವುದಕ್ಕಿಂತ ಮೊದಲು 1930 ಸಹಾಯವಾಣಿಗೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ತಿಳಿಸತಕ್ಕದ್ದು. ತಡವಾದಷ್ಟೂ ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿ, ತಡೆಹಿಡಿಯುವುದು ಕಷ್ಟವಾಗುತ್ತದೆ. ಪುಟದ ವಿಳಾಸ, ಪರದೆಯ ಚಿತ್ರ, ವಹಿವಾಟಿನ ಸಂಖ್ಯೆ ಹಾಗೂ ಸಮಯವನ್ನು ಅಳಿಸದೆ ಉಳಿಸಿಕೊಳ್ಳಬೇಕು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಚಿತ್ರದುರ್ಗದ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿ ದೂರು ಸಲ್ಲಿಸಬಹುದು. ಹಾನಿಕಾರಕ ತಂತ್ರಾಂಶಗಳ ನಿವಾರಣೆಗಾಗಿ ಭಾರತ ಸರ್ಕಾರವು 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಉಚಿತ ಉಪಕರಣಗಳು ಲಭ್ಯವಿರುತ್ತವೆ.

ಅರ್ಜಿಯನ್ನು ತಪ್ಪು ಪುಟದಲ್ಲಿ ಸಲ್ಲಿಸಿರುವ ಸಂಶಯವಿದ್ದವರು ಸ್ವೀಕೃತಿ ಸಂಖ್ಯೆಯನ್ನು ಅಧಿಕೃತ ತಾಣದಲ್ಲಿ ಪರಿಶೀಲಿಸಿ, ಅದು ಅಲ್ಲಿ ದೊರೆಯದಿದ್ದಲ್ಲಿ ಕಡೆಯ ದಿನಾಂಕಕ್ಕೆ ಮುಂಚಿತವಾಗಿಯೇ ಮರು ಅರ್ಜಿ ಸಲ್ಲಿಸುವಂತೆ ಕೋರಲಾಗಿದೆ.