ನಾಮಪದಗಳ ರೂಪಸಿದ್ಧಿ: ಗಣಕ ಕ್ರಮವಿಧಿಯಲ್ಲಿ ವರ್ಗಾನುವಂಶಿಕತೆ ಮತ್ತು ವಿಧಾನಬಾಧೆಯ ಒಂದು ಅಭ್ಯಾಸ

ಗಣಕ ಕ್ರಮವಿಧಿ ರಚನೆಯ ಪಠ್ಯಗಳಲ್ಲಿ ಆನುವಂಶಿಕತೆಯನ್ನು ಪ್ರಾಣಿಗಳ ಉದಾಹರಣೆಯಿಂದ ವಿವರಿಸುವುದು ರೂಢಿ. ‘ಪ್ರಾಣಿ’ ಎಂಬುದು ಮೂಲವರ್ಗ, ‘ನಾಯಿ’ ಮತ್ತು ‘ಬೆಕ್ಕು’ ಅದರ ಉಪವರ್ಗಗಳು. ಕೂಗುವ ವಿಧಾನವನ್ನು ಒಂದೊಂದು ಉಪವರ್ಗವೂ ತನಗೆ ಬೇಕಾದಂತೆ ಬದಲಿಸಿಕೊಳ್ಳುತ್ತದೆ. ಈ ಉದಾಹರಣೆಯಲ್ಲಿ ತಪ್ಪಾಗುವ ಸಂದರ್ಭವೇ ಇಲ್ಲ. ಆದುದರಿಂದ ಕಲಿಯುವುದಕ್ಕೂ ಹೆಚ್ಚೇನಿಲ್ಲ. ವರ್ಗಗಳನ್ನು ತಪ್ಪಾಗಿ ವಿಂಗಡಿಸಿದರೆ ಏನಾಗುತ್ತದೆ ಎಂಬುದು ತಿಳಿಯಬೇಕಾದರೆ, ತಪ್ಪು ಕೂಡಲೇ ಕಿವಿಗೆ ಬೀಳುವಂತಹ ಕ್ಷೇತ್ರವೊಂದು ಬೇಕು. ಕನ್ನಡದ ವಿಭಕ್ತಿರೂಪಗಳು ಅಂತಹ ಕ್ಷೇತ್ರ. ‘ಮರಯನ್ನು’ ಎಂಬ ರೂಪವನ್ನು ಗಣಕವು ಮುದ್ರಿಸಿದರೆ ಅದು ತಪ್ಪೆಂದು ಹೇಳಲು ಪಂಡಿತರು ಬೇಕಿಲ್ಲ. ಪ್ರಸ್ತುತ ಲೇಖನದಲ್ಲಿ ನಾಮಪದಗಳ ಏಕವಚನ ರೂಪಗಳನ್ನು ಸಾಧಿಸುವ ಒಂದು ಸಣ್ಣ ಕ್ರಮವಿಧಿಯನ್ನು ಆಧಾರವಾಗಿಟ್ಟುಕೊಂಡು ಈ ಎರಡು ಪರಿಕಲ್ಪನೆಗಳನ್ನು ವಿವೇಚಿಸಲಾಗಿದೆ.

ಮೊದಲು ಪರಿಭಾಷೆ. ಒಂದು ಬಗೆಯ ವಸ್ತುಗಳಿಗೆಲ್ಲ ಸಮಾನವಾದ ಗುಣ ಮತ್ತು ಕ್ರಿಯೆಗಳ ನಿರೂಪಣೆಯೇ ವರ್ಗ (ಕ್ಲಾಸ್). ವರ್ಗದಲ್ಲಿ ಹೇಳಿದ ಕ್ರಿಯೆ ವಿಧಾನ (ಮೆಥಡ್). ಮೂಲವರ್ಗದ ವಿಧಾನಗಳು ಮತ್ತೆ ಬರೆಯದೆಯೇ ಉಪವರ್ಗಕ್ಕೆ ದೊರೆಯುವುದು ಆನುವಂಶಿಕತೆ (ಇನ್‌ಹೆರಿಟೆನ್ಸ್). ಹಾಗೆ ದೊರೆತುದನ್ನು ಉಪವರ್ಗವು ಅದೇ ಹೆಸರಿನಲ್ಲಿ ಬೇರೆಯಾಗಿ ನಿರೂಪಿಸಿಕೊಳ್ಳುವುದು ಓವರ್‌ರೈಡಿಂಗ್. ಇವು ಮೊದಲು ರೂಪುಗೊಂಡದ್ದು ನಾರ್ವೆಯಲ್ಲಿ. ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಅವರು ಆಸ್ಲೋ ನಗರದ ನಾರ್ವೇಜಿಯನ್ ಗಣಕ ಕೇಂದ್ರದಲ್ಲಿ ರೂಪಿಸಿದ ಸಿಮ್ಯುಲಾ 67 ಭಾಷೆಯಲ್ಲಿ. ಓವರ್‌ರೈಡಿಂಗ್ ಎಂಬುದಕ್ಕೆ ನಾನು ಇಲ್ಲಿ ‘ಬಾಧೆ’ ಎಂಬ ಮಾತನ್ನು ಬಳಸುತ್ತೇನೆ. ವ್ಯಾಕರಣಶಾಸ್ತ್ರದಲ್ಲಿ ಸಾಮಾನ್ಯ ವಿಧಿಗೆ ಉತ್ಸರ್ಗವೆಂದೂ ವಿಶೇಷ ವಿಧಿಗೆ ಅಪವಾದವೆಂದೂ ಹೆಸರು. ಅಪವಾದವು ಉತ್ಸರ್ಗವನ್ನು ಬಾಧಿಸುತ್ತದೆ ಎನ್ನುವುದು ಶಾಸ್ತ್ರದ ನುಡಿಗಟ್ಟು. ಹೊಸಗನ್ನಡದಲ್ಲಿ ಬಾಧೆಯೆಂದರೆ ಹೊಟ್ಟೆನೋವಿನಂತಹ ತೊಂದರೆಯೇ ಮೊದಲು ನೆನಪಿಗೆ ಬರುವುದು ನಿಜ. ಆದರೂ ಅರ್ಥ ಇಷ್ಟು ಖಚಿತವಾಗಿ ಕೂಡುವ ಬೇರೆ ಮಾತು ನನಗೆ ತೋರಿಲ್ಲ.

ಈ ಅಭ್ಯಾಸವನ್ನು ಕೈಗೊಂಡವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ‘ನಾಮಪದ’ದ ಕೆಳಗೆ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂಬ ಮೂರು ಉಪವರ್ಗಗಳನ್ನು ರಚಿಸುವುದು. ಶಾಲೆಯ ವ್ಯಾಕರಣದ ನೆನಪು ಅವರನ್ನು ಅಲ್ಲಿಗೆ ಒಯ್ಯುತ್ತದೆ. ಪರಿಣಾಮವನ್ನು ನೋಡೋಣ. ಪುಲ್ಲಿಂಗದಲ್ಲಿ ಅರಸ, ಕವಿ, ಗುರು ಎಂಬ ಮೂರು ಪದಗಳಿವೆ ಎನ್ನೋಣ: ಅರಸನನ್ನು, ಕವಿಯನ್ನು, ಗುರುವನ್ನು. ಸ್ತ್ರೀಲಿಂಗದಲ್ಲಿ ಅಕ್ಕ, ಹುಡುಗಿ, ವಧು: ಅಕ್ಕನನ್ನು, ಹುಡುಗಿಯನ್ನು, ವಧುವನ್ನು. ಎರಡೂ ಸಾಲುಗಳು ಒಂದೇ ಎರಕದಲ್ಲಿ ಹೊಯ್ದಂತಿವೆ. ಅಕ್ಕ ಎಂಬ ಪದ ಅಣ್ಣನಂತೆ ನಡೆಯುತ್ತದೆಯೇ ಹೊರತು ಹುಡುಗಿಯಂತೆ ನಡೆಯುವುದಿಲ್ಲ. ಹುಡುಗಿ ಎಂಬುದು ‘ಮನೆ’ಯಂತೆ ನಡೆಯುತ್ತದೆ. ಲಿಂಗದಿಂದ ವಿಂಗಡಿಸಿದ ಕ್ರಮವಿಧಿಯಲ್ಲಿ ಪ್ರತಿಯೊಂದು ಉಪವರ್ಗದ ಒಳಗೂ ‘ಅಕಾರಾಂತವಾದರೆ ಹೀಗೆ, ಇಕಾರಾಂತವಾದರೆ ಹಾಗೆ’ ಎಂಬ ಷರತ್ತುಗಳನ್ನು ಮೂರು ಮೂರು ಸಲ ಬರೆಯಬೇಕಾಗುತ್ತದೆ. ವರ್ಗವಿಂಗಡಣೆ ಉಳಿಸಬೇಕಾಗಿದ್ದ ಶ್ರಮವೇ ಹೆಚ್ಚುತ್ತದೆ.

ಹಾಗಾದರೆ ಲಿಂಗವು ವ್ಯರ್ಥವೆ? ಅಲ್ಲ. ‘ಅಕ್ಕ ಬಂದಳು’ ಎಂಬಲ್ಲಿ ಕ್ರಿಯಾಪದಕ್ಕೆ ಅದು ಬೇಕು. ಆದರೆ ಅದು ಪದವು ಹೊತ್ತಿರುವ ಒಂದು ಮಾಹಿತಿ. ಪದದ ರೂಪಗಳನ್ನು ನಿರ್ಧರಿಸುವ ವಂಶವಲ್ಲ. ಸೂರ್ಯ ಎಂಬ ಪದವನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟ. ಸೂರ್ಯ ಮುಳುಗಿದನು ಎಂದೂ ಸೂರ್ಯ ಮುಳುಗಿತು ಎಂದೂ ಹೇಳುವುದುಂಟು. ವಿಭಕ್ತಿಯಲ್ಲಿ ಮಾತ್ರ ಅದು ‘ಸೂರ್ಯನನ್ನು, ಸೂರ್ಯನಿಗೆ’ ಎಂದೇ ನಡೆಯುತ್ತದೆ. ಅರ್ಥದ ನೆಂಟಸ್ತಿಕೆಗಿಂತ ನಡೆಯ ಸಾಮ್ಯವನ್ನು ನೋಡಿ ವರ್ಗಗಳನ್ನು ಕಟ್ಟಬೇಕೆಂಬುದು ಇಲ್ಲಿಯ ಮೊದಲ ಪಾಠ.

ನಡೆಯನ್ನು ಹತ್ತಿರದಿಂದ ನೋಡಿದಾಗ ಪ್ರತ್ಯಯಗಳು ಬಹುಮಟ್ಟಿಗೆ ಎಲ್ಲ ಕಡೆಯೂ ಒಂದೇ. ಬದಲಾಗುವುದು ಅವುಗಳ ಹಿಂದಿನ ಅಂಗ ಎಂಬುದು ಗೋಚರಿಸುತ್ತದೆ. ‘ಮರವು, ಮರವನ್ನು’ ಎಂಬಲ್ಲಿ ವಕಾರ ಬಂದರೆ, ‘ಮರದಿಂದ, ಮರದ, ಮರದಲ್ಲಿ’ ಎಂಬಲ್ಲಿ ದಕಾರ ಬರುತ್ತದೆ. ‘ಗುರುವನ್ನು’ ಆದರೂ ‘ಗುರುವಿನಿಂದ, ಗುರುವಿನ, ಗುರುವಿನಲ್ಲಿ’. ಹೀಗೆ ಒಂದು ನೇರ ಅಂಗ, ಒಂದು ಓರೆ ಅಂಗ ಎಂದು ಎರಡನ್ನು ಕಲ್ಪಿಸಿಕೊಂಡರೆ ಮೂಲವರ್ಗವನ್ನು ಈ ರೀತಿ ಬರೆಯಬಹುದು. (ಇದು ಯಾವುದೇ ಒಂದು ಗಣಕಭಾಷೆಯ ಬರೆಹವಲ್ಲ, ರೂಪುರೇಖೆ ಮಾತ್ರ.)

ವರ್ಗ ನಾಮಪದ
ನೇರ ಅಂಗ = ಪದ
ಓರೆ ಅಂಗ = ತನ್ನ ನೇರ ಅಂಗ
ಪ್ರಥಮಾ = ತನ್ನ ನೇರ ಅಂಗ + ಉ
ದ್ವಿತೀಯಾ = ತನ್ನ ನೇರ ಅಂಗ + ಅನ್ನು
ಚತುರ್ಥೀ = ತನ್ನ ನೇರ ಅಂಗ + ಇಗೆ
ತೃತೀಯಾ = ತನ್ನ ಓರೆ ಅಂಗ + ಇಂದ
ಷಷ್ಠೀ = ತನ್ನ ಓರೆ ಅಂಗ + ಅ
ಸಪ್ತಮೀ = ತನ್ನ ಓರೆ ಅಂಗ + ಅಲ್ಲಿ

‘+’ ಎಂಬುದು ಬರಿಯ ಜೋಡಣೆಯಲ್ಲ. ಯೂನಿಕೋಡ್ ಬರೆಹದಲ್ಲಿ ‘ಊರ್’ ಎಂಬುದರ ಕೊನೆಗೆ ಹಲಂತಚಿಹ್ನೆಯೊಂದು ಪ್ರತ್ಯೇಕ ಸಂಕೇತವಾಗಿ ನಿಂತಿರುತ್ತದೆ. ಮುಂದೆ ಸ್ವರ ಬಂದಾಗ ಆ ಚಿಹ್ನೆಯನ್ನು ತೆಗೆದು ಸ್ವರದ ಬದಲು ಅದರ ಗುಣಿತಚಿಹ್ನೆಯನ್ನು ಇರಿಸಬೇಕು. ಅಕಾರವಾದರೆ ಚಿಹ್ನೆಯನ್ನು ತೆಗೆದರೆ ಸಾಕು. ಇದನ್ನು ಒಮ್ಮೆ ಬರೆದಿಟ್ಟುಕೊಂಡರೆ ಮತ್ತೆ ಆ ಗೋಜಿಲ್ಲ.

ಬಹುವಚನದ ‘ಮರಗಳ್’ ಎಂಬ ಅಂಗವನ್ನು ಕೊಟ್ಟರೆ ಈ ಮೂಲವರ್ಗವೇ, ಯಾವ ಬದಲಾವಣೆಯೂ ಇಲ್ಲದೆ, ಮರಗಳು, ಮರಗಳನ್ನು, ಮರಗಳಿಗೆ, ಮರಗಳಿಂದ, ಮರಗಳ, ಮರಗಳಲ್ಲಿ ಎಂಬ ಆರು ರೂಪಗಳನ್ನೂ ಸರಿಯಾಗಿ ಕೊಡುತ್ತದೆ. ಇನ್ನು ಉಪವರ್ಗಗಳು. ‘ಅರಸ’ ವರ್ಗವು ನೇರ ಅಂಗವನ್ನು ಮಾತ್ರ ಬಾಧಿಸುತ್ತದೆ: ಪದ + ನ್. ಅಣ್ಣ, ಅಕ್ಕ, ಅಮ್ಮ, ಸೂರ್ಯ ಎಲ್ಲವೂ ಇಲ್ಲಿಯವು. ‘ಮನೆ’ ವರ್ಗವು ನೇರ ಅಂಗವನ್ನು ಪದ + ಯ್ ಎಂದೂ ಚತುರ್ಥಿಯನ್ನು ಪದ + ಗೆ ಎಂದೂ ಬಾಧಿಸುತ್ತದೆ. ಕವಿ, ಹುಡುಗಿ ಇದರ ಕೆಳಗೆ. ‘ಮರ’ ವರ್ಗದಲ್ಲಿ ಬಾಧೆಗಳು ಮೂರು: ನೇರ ಅಂಗಕ್ಕೆ ವ್, ಓರೆ ಅಂಗಕ್ಕೆ ದ್, ಚತುರ್ಥಿಗೆ ಪದ + ಕ್ಕೆ. ‘ಊರು’ ವರ್ಗದಲ್ಲಿ ನೇರ ಅಂಗವೆಂದರೆ ಕೊನೆಯ ಉಕಾರ ಲೋಪವಾದ ‘ಊರ್’. ಓರೆ ಅಂಗವೆಂದರೆ ತನ್ನ ನೇರ ಅಂಗ + ಇನ್. ಊರ್, ಬೇರ್, ಕಡಲ್ ಎಂಬ ಹಳಗನ್ನಡದ ವ್ಯಂಜನಾಂತ ಪದಗಳೇ ಇಲ್ಲಿ ನೇರ ಅಂಗವಾಗಿ ಮರಳಿ ಬರುವುದು ಗಮನಾರ್ಹ. ‘ಗುರು’ ವರ್ಗವನ್ನು ‘ಊರು’ ವರ್ಗದ ಉಪವರ್ಗವಾಗಿ ಮಾಡಿ ನೇರ ಅಂಗವನ್ನು ಮಾತ್ರ ಪದ + ವ್ ಎಂದು ಬಾಧಿಸಿದರೆ ಸಾಕು. ‘ಅದು’ ವರ್ಗವೂ ‘ಊರು’ವಿನ ಕೆಳಗೆ: ಓರೆ ಅಂಗ ನೇರ + ಅರ್, ಚತುರ್ಥಿ ನೇರ + ಅಕ್ಕೆ, ಆಗ ಅದರಿಂದ, ಅದಕ್ಕೆ, ಒಂದರಲ್ಲಿ, ಎರಡಕ್ಕೆ ಎಂಬ ರೂಪಗಳು ಸಿದ್ಧ. ಆರು ವರ್ಗಗಳಿಗೆ ಆರಾರು ವಿಭಕ್ತಿಗಳಂತೆ 36 ವಿಧಿಗಳನ್ನು ಬರೆಯಬೇಕಾಗಿದ್ದಲ್ಲಿ, ಮೂಲವರ್ಗದ 8 ಮತ್ತು ಬಾಧೆಗಳು 11, ಒಟ್ಟು 19ರಲ್ಲಿ ಕೆಲಸ ಮುಗಿಯಿತು. ಯಾವ ಪದ ಯಾವ ವರ್ಗಕ್ಕೆ ಸೇರಿದ್ದು ಎಂಬುದನ್ನು ಮಾತ್ರ ಕೋಶದಲ್ಲಿ ಗುರುತಿಸಿಡಬೇಕು; ಅಂತ್ಯಾಕ್ಷರ ನೋಡಿ ಹೇಳಲಾಗದು. ಅಣ್ಣ–ಬಣ್ಣ, ಊರು–ಕರು ಎಂಬ ಜೋಡಿಗಳನ್ನು ನೋಡಿದರೆ ಸಾಕು.

ಈ ರಚನೆಯಲ್ಲಿ ನಿಜವಾಗಿ ಮನನ ಮಾಡಬೇಕಾದ ಮಾತು ‘ತನ್ನ’ ಎಂಬುದು. ‘ಗುರುವಿನ’ ಎಂಬ ರೂಪ ಸಿದ್ಧಿಸುವ ಬಗೆಯನ್ನು ಹಂತಹಂತವಾಗಿ ನೋಡೋಣ. ಷಷ್ಠಿಯ ವಿಧಾನ ‘ಗುರು’ ವರ್ಗದಲ್ಲಿಲ್ಲ, ಮೇಲಿನ ‘ಊರು’ ವರ್ಗದಲ್ಲಿಯೂ ಇಲ್ಲ. ಅದು ದೊರೆಯುವುದು ‘ನಾಮಪದ’ದಲ್ಲಿ. ಆ ವಿಧಾನ ‘ತನ್ನ ಓರೆ ಅಂಗ’ವನ್ನು ಕೇಳುತ್ತದೆ. ‘ತನ್ನ’ ಎಂದರೆ ಯಾರ? ವಿಧಾನವನ್ನು ಬರೆದಿರುವ ವರ್ಗದ್ದಲ್ಲ, ವಿಧಾನವನ್ನು ನಡೆಸುತ್ತಿರುವ ವಸ್ತುವಿನದು. ಆದುದರಿಂದ ಹುಡುಕಾಟ ಮತ್ತೆ ‘ಗುರು’ವಿನಿಂದಲೇ ಆರಂಭವಾಗಿ ‘ಊರು’ ವರ್ಗದ ಓರೆ ಅಂಗವನ್ನು ಮುಟ್ಟುತ್ತದೆ. ಅದು ‘ತನ್ನ ನೇರ ಅಂಗ’ವನ್ನು ಕೇಳಿದಾಗ ಮತ್ತೊಮ್ಮೆ ‘ಗುರು’ವಿಗೇ ಬಂದು, ‘ಗುರುವ್’ ದೊರೆತು, ಇನ್ ಸೇರಿ ‘ಗುರುವಿನ್’, ಅಕಾರ ಸೇರಿ ‘ಗುರುವಿನ’ ಆಗುತ್ತದೆ. ತಾನು ಹುಟ್ಟುವ ಮೊದಲೇ ಬರೆದಿಟ್ಟ ವಿಧಾನದೊಳಗೆ ಉಪವರ್ಗವು ಹೀಗೆ ತನ್ನ ಪಾಲನ್ನು ಸೇರಿಸುತ್ತದೆ. ಜಾವಾ, ಪೈಥಾನ್ ಭಾಷೆಗಳಲ್ಲಿ ಸಾಮಾನ್ಯ ವಿಧಾನಗಳು ನಡೆಯುವುದೇ ಈ ರೀತಿ. ಸಿ++ ಭಾಷೆಯಲ್ಲಿ ಮೂಲವರ್ಗದ ವಿಧಾನವನ್ನು ‘ವರ್ಚುಯಲ್’ ಎಂದು ಘೋಷಿಸದಿದ್ದರೆ ‘ತನ್ನ’ ಎಂಬುದು ಬರೆದ ವರ್ಗಕ್ಕೇ ಅಂಟಿಕೊಳ್ಳುತ್ತದೆ. ಆಗ ‘ಊರು’ ವರ್ಗದ ಉಕಾರಲೋಪವೇ ನಡೆದು ‘ಗುರಿನ’ ಎಂಬ ವಿಚಿತ್ರ ರೂಪ ಹೊರಬೀಳುತ್ತದೆ. ಗಣಕವು ಯಾವ ದೋಷವನ್ನೂ ವರದಿ ಮಾಡುವುದಿಲ್ಲ.

ಮೌನವಾಗಿ ನುಸುಳುವ ಇನ್ನೊಂದು ದೋಷ ಕಾಗುಣಿತದ್ದು. ಜಾವಾದಲ್ಲಿ ಮೊದಲಿನಿಂದಲೂ, ಪೈಥಾನ್‌ನಲ್ಲಿ 2008ರ ಮೂರನೆಯ ಆವೃತ್ತಿಯಿಂದಲೂ ವರ್ಗ ಮತ್ತು ವಿಧಾನಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಮೂಲವರ್ಗದಲ್ಲಿ ‘ಚತುರ್ಥೀ’ ಎಂದಿದ್ದು ಉಪವರ್ಗದಲ್ಲಿ ‘ಚತುರ್ಥಿ’ ಎಂದು ಬರೆದರೆ, ನಮಗೆ ಒಂದೇ ಆದ ಈ ಎರಡು ಗಣಕಕ್ಕೆ ಬೇರೆ ಬೇರೆ. ಬಾಧೆ ನಡೆಯುವುದಿಲ್ಲ, ಉಪವರ್ಗಕ್ಕೆ ಹೊಸತೊಂದು ವಿಧಾನ ಸೇರುತ್ತದೆ, ಹಳೆಯದು ಹಾಗೆಯೇ ಉಳಿದು ‘ಮರವಿಗೆ’ ಎಂದು ಮುದ್ರಿಸುತ್ತದೆ. 2004ರ ಜಾವಾ 5ರಲ್ಲಿ ‘ಓವರ್‌ರೈಡ್’ ಎಂಬ ಗುರುತನ್ನು ವಿಧಾನದ ಮೇಲೆ ಬರೆಯುವ ಅನುಕೂಲ ಬಂದದ್ದು ಇದಕ್ಕಾಗಿಯೇ: ಬಾಧಿಸಲು ಮೇಲೆ ಏನೂ ಇಲ್ಲದಿದ್ದರೆ ಅನುವಾದಕವು ತಡೆದು ನಿಲ್ಲಿಸುತ್ತದೆ. ಹ್ರಸ್ವದೀರ್ಘಗಳಲ್ಲಿ ನಾವು ತೋರುವ ಉದಾರತೆಯನ್ನು ಗಮನಿಸಿದರೆ ಈ ಗುರುತು ಕನ್ನಡಿಗರಿಗೆ ಹೆಚ್ಚು ಅಗತ್ಯ.

ಬಾಧೆಗೆ ಎಲ್ಲೆ ಎಲ್ಲಿ ಎಂಬ ಪ್ರಶ್ನೆಯೂ ಇದೆ. ‘ಬೇಗನೆ’ ಎಂಬಂತಹ ಅವ್ಯಯಗಳನ್ನು ‘ನಾಮಪದ’ದ ಉಪವರ್ಗ ಮಾಡಿ, ಎಲ್ಲ ವಿಭಕ್ತಿಗಳೂ ದೋಷಸೂಚನೆ ಕೊಡುವಂತೆ ಬಾಧಿಸಬಹುದು. ಆದರೆ ಮೂಲವರ್ಗದ ವಸ್ತು ನಿಲ್ಲಬೇಕಾದ ಕಡೆಯಲ್ಲೆಲ್ಲ ಉಪವರ್ಗದ ವಸ್ತುವೂ ನಿಲ್ಲುವಂತಿರಬೇಕೆಂದು ಬಾರ್ಬರಾ ಲಿಸ್ಕೋವ್ 1987ರಲ್ಲಿ ಮಂಡಿಸಿದ ತತ್ತ್ವಕ್ಕೆ ಇದು ವಿರುದ್ಧ. ಪಾಣಿನಿ ಬೇರೆ ದಾರಿ ಹಿಡಿದಿದ್ದಾನೆ: ಅಷ್ಟಾಧ್ಯಾಯಿಯಲ್ಲಿ (2.4.82) ಅವ್ಯಯಕ್ಕೂ ವಿಭಕ್ತಿಪ್ರತ್ಯಯ ಬಂದು, ಅನಂತರ ಅದು ಲೋಪವಾಗುತ್ತದೆ. ಪ್ರತ್ಯಯಾಂತವಾದುದೇ ಪದ ಎಂಬ ಲಕ್ಷಣ ಅದರಿಂದ ಕೆಡದೆ ಉಳಿಯಿತು. ಪಾಣಿನಿಗೆ ಅದು ಅನಿವಾರ್ಯ. ನಮ್ಮ ಕ್ರಮವಿಧಿಗೆ ಅಂತಹ ಬಂಧನವಿಲ್ಲ. ಅವ್ಯಯವನ್ನು ನಾಮಪದದ ವಂಶದಿಂದ ಹೊರಗಿಡುವುದೇ ಲೇಸು.

ಇಷ್ಟಾದ ಮೇಲೆ ಒಂದು ಸಣ್ಣ ಸುಧಾರಣೆಯನ್ನು ಮಾಡಿ ನೋಡಬೇಕು. ‘ಊರಿನಲ್ಲಿ’ ಎಂಬುದರ ಜೊತೆಗೆ ‘ಊರಲ್ಲಿ’ ಎಂಬ ರೂಪವೂ ಬಳಕೆಯಲ್ಲಿದೆ. ‘ಊರು’ ವರ್ಗದಲ್ಲಿ ಸಪ್ತಮಿಯನ್ನು ಬಾಧಿಸಿ, ಮೂಲವರ್ಗದ ಸಪ್ತಮಿಯನ್ನು ಕರೆದು ಮೊದಲ ರೂಪವನ್ನು ಪಡೆದು, ಅದಕ್ಕೆ ನೇರ ಅಂಗ + ಅಲ್ಲಿ ಎಂಬ ಎರಡನೆಯ ರೂಪವನ್ನು ಸೇರಿಸೋಣ. ಮೇಲಿನದನ್ನು ಪೂರ್ತಿ ತಳ್ಳಿಹಾಕದೆ ಹೀಗೆ ಬೆಳೆಸುವುದೂ ಬಾಧೆಯ ಒಂದು ಬಗೆಯೇ. ಊರು, ಕಾಡು, ಕಡಲು ಎಲ್ಲಕ್ಕೂ ಇದು ಒಪ್ಪುತ್ತದೆ. ಆದರೆ ಪಟ್ಟಿಯನ್ನು ಪೂರ್ತಿಯಾಗಿ ಮುದ್ರಿಸಿದಾಗ ಕೆಳಗೆ ‘ಗುರುವಲ್ಲಿ’ ಎಂಬ ಒಗ್ಗದ ರೂಪವೂ ‘ಅದಲ್ಲಿ’ ಎಂಬ ಶುದ್ಧ ತಪ್ಪೂ ಕಾಣಿಸಿಕೊಳ್ಳುತ್ತವೆ. ಆ ವರ್ಗಗಳನ್ನು ನಾವು ಮುಟ್ಟಿಯೇ ಇರಲಿಲ್ಲ! ಮೇಲಿನ ವರ್ಗದ ತಿದ್ದುಪಡಿ ಕೆಳಗಿನದನ್ನು ಕೆಡಿಸುವ ಈ ದೌರ್ಬಲ್ಯ ಆನುವಂಶಿಕತೆಗೆ ತೆರಬೇಕಾದ ಬೆಲೆ.

ದೋಷದ ಮೂಲ ಸ್ಪಷ್ಟ. ಗುರು ಎಂಬುದು ಊರು ಎಂಬುದರ ಒಂದು ಪ್ರಭೇದವಲ್ಲ. ಎರಡಕ್ಕೂ ‘ಇನ್’ ಆಗಮ ಸಮಾನ, ಅಷ್ಟೆ. ‘ಇನ್’ ಆಗಮವನ್ನು ಮಾತ್ರ ಹೇಳುವ ಮಧ್ಯದ ವರ್ಗವೊಂದನ್ನು ರಚಿಸಿ, ಊರು ಮತ್ತು ಗುರು ಎರಡನ್ನೂ ಅದರ ಕೆಳಗೆ ಅಕ್ಕಪಕ್ಕದಲ್ಲಿ ಇರಿಸಿದರೆ ‘ಗುರುವಲ್ಲಿ’ ಮಾಯವಾಗುತ್ತದೆ. ಆದರೆ ‘ಅದು’? ಊರು ಎಂಬುದು ಆಗಮದಲ್ಲಿ ಗುರುವಿನ ಜೊತೆಗೂ ಉಕಾರಲೋಪದಲ್ಲಿ ‘ಅದು’ವಿನ ಜೊತೆಗೂ ಸೇರುತ್ತದೆ. ಒಬ್ಬನೇ ತಂದೆಯಿರುವ ವಂಶವೃಕ್ಷದಲ್ಲಿ ಈ ಎರಡು ಸಂಬಂಧಗಳನ್ನು ಒಟ್ಟಿಗೆ ಹೇಳಲು ಬರುವುದಿಲ್ಲ. ಪಾಣಿನಿಯ ಉತ್ಸರ್ಗಾಪವಾದಗಳಿಗೆ ಈ ತೊಡಕಿಲ್ಲ. ಅಲ್ಲಿ ವಿಧಿಗಳಿಗೆ ವಂಶವಿಲ್ಲ, ವ್ಯಾಪ್ತಿಯಿದೆ. ವ್ಯಾಪ್ತಿಗಳು ಒಂದನ್ನೊಂದು ಅಡ್ಡಹಾಯಬಹುದು. ಸಮಬಲದ ಎರಡು ವಿಧಿಗಳು ಒಂದೇ ಕಡೆ ಎದುರಾದರೆ ಮುಂದಿನದು ಗೆಲ್ಲಲಿ ಎಂಬ ನಿರ್ಣಯವೂ (1.4.2) ಸಿದ್ಧವಾಗಿದೆ. ಪೈಥಾನ್ ಭಾಷೆಯು ಒಂದು ವರ್ಗಕ್ಕೆ ಹಲವು ಮೂಲವರ್ಗಗಳನ್ನು ಒಪ್ಪುತ್ತದೆ, ಎದುರಾದಾಗ ಸಾಮಾನ್ಯವಾಗಿ ಮೊದಲು ಹೆಸರಿಸಿದುದನ್ನು ಆರಿಸುತ್ತದೆ. ಜಾವಾ ಒಂದೇ ಮೂಲವರ್ಗಕ್ಕೆ ಅವಕಾಶ ಕೊಡುತ್ತದೆ.

ಜಾವಾದಲ್ಲಿ ಬರೆಯುವವರು ಉಕಾರಲೋಪವನ್ನು ಯಾರ ವಂಶಕ್ಕೂ ಸೇರಿಸದೆ ಪ್ರತ್ಯೇಕ ಸಹಾಯಕ ವಸ್ತುವಾಗಿಸಿ, ಲಿಂಗದಂತೆಯೇ ಅದನ್ನೂ ಪದದ ಕೈಗೆ ಕೊಡಬೇಕು. ಆಗ ‘ಊರು’ ಮತ್ತು ‘ಅದು’ ವರ್ಗಗಳೆರಡೂ ಅದೇ ಸಹಾಯಕದಿಂದ ‘ಊರ್’, ‘ಅದ್’ ಎಂಬ ನೇರ ಅಂಗಗಳನ್ನು ಪಡೆಯುತ್ತವೆ, ‘ಅದು’ ನೇರವಾಗಿ ‘ನಾಮಪದ’ದ ಕೆಳಗೆ ಬರುತ್ತದೆ, ‘ಊರಲ್ಲಿ’ ಎಂಬ ಸುಧಾರಣೆ ‘ಊರು’ ವರ್ಗದೊಳಗೇ ಉಳಿಯುತ್ತದೆ. ಪಟ್ಟಿಯನ್ನು ಮತ್ತೆ ಮುದ್ರಿಸಿದರೆ ‘ಅದು’ವಿನ ಸಪ್ತಮಿಯಲ್ಲಿ ‘ಅದರಲ್ಲಿ’ ಎಂಬುದೊಂದೇ ಇರುತ್ತದೆ.