ಕಾರ್ಲೆಯ ಕಂಬಗಳೂ ನಮ್ಮ ವಾರದ ರಜೆಯೂ

ಕೆಲವು ವರ್ಷಗಳ ಹಿಂದೆ, ನಾವು ಇನ್ನೂ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ನಮ್ಮ ತಂದೆಯವರ ಕಾಲದಿಂದ ಇಪ್ಪತ್ತೆರಡು ವರ್ಷ ಅಡಿಗೆಯ ಕೆಲಸ ಮಾಡಿದ್ದ ಹಿರಿಯರೊಬ್ಬರು ಪುಣೆಯನ್ನು ಬಿಟ್ಟು ಕುಂದಾಪುರದ ಕಡೆಯ ತಮ್ಮ ಊರಿಗೆ ಹೊರಟರು. ಅವರನ್ನು ಬಸ್ಸು ಹತ್ತಿಸಲು ನಾವು ಸ್ವಾರ್‌ಗೇಟಿಗೆ ಹೋಗಿದ್ದೆವು. ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಅವರು ಕೇಳಿದರು: “ಊರಿನಲ್ಲಿ ಮಕ್ಕಳು ಪುಣೆಯಲ್ಲಿ ಏನೇನಿದೆ ಎಂದು ಕೇಳಿದರೆ ಏನು ಹೇಳಲಿ, ಧಣಿಗಳೆ? ನಾನು ಕಂಡದ್ದು ಒಲೆ, ತರಕಾರಿ ಮಂಡಿ, ಈ ಬಸ್ ಸ್ಟ್ಯಾಂಡು.”

ಅವರು ದೂರುವ ಮಾತಾಗಿ ಅದನ್ನು ಹೇಳಲಿಲ್ಲ. ಆದರೂ ನಮಗೆ ಉತ್ತರ ತೋಚಲಿಲ್ಲ. ಮದುವೆಗೆ ಮುಂಗಡ ಕೇಳಿದಾಗ ನಾವು ಇಲ್ಲವೆಂದವರಲ್ಲ. ಜ್ವರ ಬಂದಾಗ ವೈದ್ಯರ ಬಳಿಗೆ ಕಳುಹಿಸದೆ ಇದ್ದವರಲ್ಲ. ಆದರೆ ‘ಈ ದಿನ ಹೋಗಿ ಊರು ನೋಡಿ ಬನ್ನಿ’ ಎಂದು ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ. ವಾರದ ರಜೆ ಪುಸ್ತಕದಲ್ಲಿ ಇತ್ತು. ಯಾರಾದರೂ ಕೆಲಸಕ್ಕೆ ಬಾರದೆ ಹೋದರೆ ರಜೆಯಲ್ಲಿದ್ದವರನ್ನೇ ಕರೆಸುತ್ತಿದ್ದೆವು. ಈ ಲೇಖನವನ್ನು ಆ ಋಣದ ಒಂದು ಅಂಶವೆಂದು ವಾಚಕರು ತಿಳಿಯಬೇಕು.

ಪ್ರೇಕ್ಷಣೀಯ ಸ್ಥಳಗಳನ್ನು ತೋರಿಸುವ ಏರ್ಪಾಡುಗಳಿಗೆ ಪುಣೆಯಲ್ಲಿ ಕೊರತೆಯಿಲ್ಲ. ‘ಪುಣೆ ದರ್ಶನ’ದ ಬಸ್ಸು ಇದೆ, ಖಾಸಗಿಯವರ ಪ್ರವಾಸಗಳಿವೆ, ಮಾರ್ಗದರ್ಶಕರಿದ್ದಾರೆ. ಶನಿವಾರವಾಡೆಯನ್ನೂ ಆಗಾಖಾನ್ ಅರಮನೆಯನ್ನೂ ಕೇಳ್ಕರರ ವಸ್ತುಸಂಗ್ರಹಾಲಯವನ್ನೂ ಒಂದೇ ದಿನದಲ್ಲಿ ನೋಡಿಬರುವುದು ಕಷ್ಟವಲ್ಲ. ಇವೆಲ್ಲ ನೋಡತಕ್ಕವೇ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಇಂತಹ ಪ್ರವಾಸಗಳಲ್ಲಿ ಕೇಳಿಬರುವುದು ಹೆಚ್ಚಾಗಿ ದೊರೆಗಳ, ಸರದಾರರ, ಯುದ್ಧಗಳ ವಾರ್ತೆ. ಅನ್ನಕ್ಕಾಗಿ ಊರು ಬಿಟ್ಟು ಬಂದವನಿಗೆ ಈ ಕಥೆಯಲ್ಲಿ ಎಲ್ಲಿಯೂ ಸ್ಥಾನವಿಲ್ಲವೆಂದು ತೋರುವುದು ಸಹಜ. ಅದು ಹಾಗಲ್ಲವೆಂಬುದನ್ನು ನಾವು ಕಲಿತದ್ದು ಕಾರ್ಲೆಯಲ್ಲಿ.

ಕಳೆದ ಚಳಿಗಾಲದಲ್ಲಿ ನಾವು ಕೆಲವು ಮಿತ್ರರೊಡನೆ ಒಂದು ಪ್ರವಾಸ ಸಂಸ್ಥೆಯ ಮೂಲಕ ಕಾರ್ಲೆಯ ಗುಹೆಗಳಿಗೆ ಹೋಗಿದ್ದೆವು. ಸುಮಾರು ಮುನ್ನೂರೈವತ್ತು ಮೆಟ್ಟಿಲುಗಳನ್ನು ಹತ್ತಿ, ಏಕವೀರಾ ದೇವಿಯ ಗುಡಿಯ ಪಕ್ಕದಲ್ಲಿ ನಿಂತು, ದೊಡ್ಡ ಚೈತ್ಯದ ಒಳಗೆ ಕಾಲಿಟ್ಟೆವು. ಬೆಟ್ಟವನ್ನೇ ಕೊರೆದು ಮಾಡಿದ ಆ ಮಂದಿರ ಸುಮಾರು ನೂರಿಪ್ಪತ್ತನಾಲ್ಕು ಅಡಿ ಉದ್ದ, ನಲವತ್ತೈದು ಅಡಿ ಅಗಲ. ಒಳಗೆ ೩೭ ಕಂಬಗಳು. ಇಬ್ಬದಿಗೆ ಹದಿನೈದು ಹದಿನೈದು, ಸ್ತೂಪದ ಹಿಂದೆ ಏಳು. ಮೇಲೆ ಕಮಾನಿನ ಚಾವಣಿಗೆ ಸೇರಿಸಿದ ಮರದ ಪಕ್ಕೆಗಳು ಸುಮಾರು ಎರಡು ಸಾವಿರ ವರ್ಷಗಳ ಬಳಿಕವೂ ಇವೆ. ನಮ್ಮ ಮಾರ್ಗದರ್ಶಕರು ಇಪ್ಪತ್ತು ನಿಮಿಷಗಳಲ್ಲಿ ಎಲ್ಲವನ್ನೂ ಮುಗಿಸಿ, ಫೋಟೋ ತೆಗೆಸಿಕೊಳ್ಳಿರೆಂದರು. ಕಂಬಗಳ ಮೇಲಿನ ಅಕ್ಷರಗಳೇನೆಂದು ನಾವು ಕೇಳಲು, “ಅದು ಹಳೆಯ ಲಿಪಿ, ಯಾರಿಗೂ ಓದಲು ಬಾರದು” ಎಂದು ಉತ್ತರ ಬಂದಿತು.

ಈ ಮಾತು ಸರಿಯಲ್ಲ. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ೧೮೩೭ರ ಸುಮಾರಿಗೆ ಓದಿ ತೋರಿಸಿದ್ದನು. ಕಾರ್ಲೆಯ ಶಾಸನಗಳನ್ನು ಫ್ರೆಂಚ್ ವಿದ್ವಾಂಸ ಸೆನಾರ್ಟ್ ‘ಎಪಿಗ್ರಾಫಿಯಾ ಇಂಡಿಕಾ’ದ ಏಳನೆಯ ಸಂಪುಟದಲ್ಲಿ ಬಿಡಿಸಿ ಬರೆದು ನೂರಕ್ಕೂ ಹೆಚ್ಚು ವರ್ಷಗಳಾಗಿವೆ. ಮನೆಗೆ ಬಂದು, ಗೊತ್ತಿದ್ದವರ ಸಹಾಯದಿಂದ ಅವನ್ನು ಓದಿಸಿ ಕೇಳಿದೆವು. ಹೆಸರುಗಳ ಪಟ್ಟಿ ಅದು. ನಮ್ಮ ಹೋಟೆಲಿನ ಹಾಜರಿ ಪುಸ್ತಕದಂತೆಯೇ ಇತ್ತು.

ಬಾಗಿಲಿನ ಕೆಲಸ ಮಾಡಿದವನು ಧೇನುಕಾಕಟವೆಂಬ ಊರಿನ ಬಡಗಿ. ಅವನ ಹೆಸರು ಸಾಮಿ, ವೇಣುವಾಸನ ಮಗ. ಒಂದು ಬಾಗಿಲನ್ನು ದಾನ ಕೊಟ್ಟವನು ಅದೇ ಊರಿನ ಸಿಂಹದತ್ತ; ಗಂಧದ ವ್ಯಾಪಾರಿ. ಕಂಬಗಳಲ್ಲಿ ಹಲವನ್ನು ಕೊಟ್ಟವರು ಯವನರು, ಎಂದರೆ ಸಮುದ್ರದಾಚೆಯಿಂದ ಬಂದ ಪರದೇಶೀಯರು. ಅವರು ತಮ್ಮ ಹೆಸರಿನ ಮುಂದೆ ತಾವು ಯವನರೆಂಬುದನ್ನು ಮರೆಮಾಚಿಲ್ಲ. ತಾವು ನೆಲೆ ನಿಂತ ಊರನ್ನೂ ಬಿಟ್ಟಿಲ್ಲ. ಇಷ್ಟೇ ಅಲ್ಲ. ಮುಂಭಾಗದ ಮೊಗಸಾಲೆಯಲ್ಲಿ ಕೊರೆದಿರುವ ಒಂದು ಶಾಸನವು ಈ ಶಿಲಾಗೃಹ ಜಂಬೂದ್ವೀಪದಲ್ಲೆಲ್ಲ ಶ್ರೇಷ್ಠವೆಂದು ಹೊಗಳಿ, ಅದನ್ನು ಪೂರೈಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಹೇಳುತ್ತದೆ. ವೈಜಯಂತಿಯೆಂದರೆ ನಮ್ಮ ಉತ್ತರ ಕನ್ನಡದ ಬನವಾಸಿ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ವಾಚಕರು ಇಲ್ಲಿ ಒಂದು ಗಳಿಗೆ ನಿಲ್ಲಬೇಕೆಂದು ನಮ್ಮ ಕೋರಿಕೆ. ಬನವಾಸಿಯಿಂದ ಹೊರಟ ವ್ಯಾಪಾರಿಯೊಬ್ಬನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಈ ಬೆಟ್ಟಕ್ಕೆ ಬಂದು, ತನ್ನ ಗಳಿಕೆಯನ್ನು ಇಲ್ಲಿನ ಕಲ್ಲಿಗೆ ಸುರಿದು, ತನ್ನ ಊರ ಹೆಸರನ್ನು ಬರೆಸಿ ಹೋದನು. ನಮ್ಮ ಮಾರ್ಗದರ್ಶಕರು ಆ ಶಾಸನದ ಮುಂದೆಯೇ ನಿಂತು ನಮ್ಮ ಫೋಟೋ ತೆಗೆದರು! ಈ ನಾಡಿನ ಮೇಲೆ ಹಕ್ಕು ಸಾಧಿಸುವುದಕ್ಕಾಗಿ ನಾವು ಇದನ್ನು ಹೇಳುತ್ತಿಲ್ಲ. ಆ ಮಂದಿರ ಬಡಗಿಯದು, ಗಂಧದವನದು, ಯವನನದು, ಬನವಾಸಿಯವನದು. ದೂರದಿಂದ ಬಂದವರೂ ಕೂಡಿ ಕಟ್ಟಿದ್ದು. ನಮ್ಮ ಊರು ಇದಲ್ಲವೆಂದು ತಲೆ ತಗ್ಗಿಸಿ ನಡೆಯುವ ಹುಡುಗನಿಗೆ ಇಷ್ಟು ತಿಳಿದರೆ ಸಾಕು.

ಇಂತಹ ನಿದರ್ಶನ ನಮ್ಮ ದೇಶದಲ್ಲಿ ಮಾತ್ರ ಇದೆಯೆಂದಲ್ಲ. ರೋಮ್ ನಗರದ ಹೊರವಲಯದಲ್ಲಿ ಆದಿ ಕ್ರೈಸ್ತರ ನೆಲದಡಿಯ ಸಮಾಧಿಗಳಿವೆ. ಅಲ್ಲಿಗೆ ಮಾರ್ಗದರ್ಶಕರ ಜೊತೆಗಲ್ಲದೆ ಇಳಿಯಲು ಬಿಡುವುದಿಲ್ಲ. ಆ ಗೋರಿಯ ಹಲಗೆಗಳ ಮೇಲೂ ಸಾಮಾನ್ಯರ ಹೆಸರುಗಳಿವೆ. ಕೆಲವದರ ಮೇಲೆ ಅವರವರ ಕಸುಬಿನ ಉಪಕರಣಗಳ ಚಿತ್ರಗಳೂ ಇವೆ. ಅತ್ತ ಕ್ರಿಸ್ತನ ಮೊದಲ ಶಿಷ್ಯರು ರೋಮ್ ಸಾಮ್ರಾಜ್ಯದಲ್ಲಿ ಸಂಚರಿಸುತ್ತಿದ್ದ ಆ ಶತಮಾನಗಳಲ್ಲಿಯೇ ಇತ್ತ ಕಾರ್ಲೆಯ ಉಳಿಗಳ ಸದ್ದು ಕೇಳಿಬರುತ್ತಿದ್ದಿರಬೇಕು.

ನಮ್ಮ ಸೀಮೆಗೂ ಆ ಮತದ ಸಂಬಂಧ ಬಹು ಹಳೆಯದು. ಆರನೆಯ ಶತಮಾನದಲ್ಲಿ ಕಾಸ್ಮಾಸನೆಂಬ ಅಲೆಕ್ಸಾಂಡ್ರಿಯದ ವರ್ತಕನು ಕಲ್ಲಿಯಾನವೆಂಬ ಊರಿನಲ್ಲಿ ಪರ್ಶಿಯಾದಿಂದ ನೇಮಕವಾಗಿ ಬಂದ ಬಿಷಪ್ಪನಿರುವನೆಂದು ಬರೆದಿದ್ದಾನೆ. ಇದು ಮುಂಬಯಿಯ ಬಳಿಯ ಕಲ್ಯಾಣವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆ ರೇವಿನಿಂದ ಘಟ್ಟ ಹತ್ತಿ ಬರುವ ಹಾದಿಯ ಬಳಿಯಲ್ಲೇ ಕಾರ್ಲೆಯಿದೆ.

ಪುಣೆಯ ಒಳಗಣ ಕ್ರೈಸ್ತ ಸ್ಥಳಗಳು ಅಷ್ಟು ಪ್ರಾಚೀನವಲ್ಲ, ಆದರೆ ನೋಡಬೇಕಾದವು. ಕ್ವಾರ್ಟರ್ ಗೇಟ್ ಬಳಿಯ ಸಿಟಿ ಚರ್ಚು ಈ ನಗರದ ಮೊದಲ ಕೆಥೋಲಿಕ ದೇವಾಲಯ. ಪೇಶ್ವೆಯ ಸೈನ್ಯದಲ್ಲಿ ಗೋವೆಯ ಕಡೆಯ ಕ್ರೈಸ್ತರು ಸೇವೆಯಲ್ಲಿದ್ದರು. ಅವರು ತಮಗೊಂದು ಪ್ರಾರ್ಥನಾಸ್ಥಳ ಬೇಕೆಂದಾಗ ಸವಾಯಿ ಮಾಧವರಾವ್ ಪೇಶ್ವೆಯವರು ೧೭೯೨ರಲ್ಲಿ ನೆಲವನ್ನು ಕೊಟ್ಟರು. ಅವರೂ ಸಂಬಳಕ್ಕಾಗಿ ಊರು ಬಿಟ್ಟು ಬಂದವರೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಲ್ಲಿಂದ ಗುರುವಾರ ಪೇಟೆಯ ಪಂಚಹೌದ ಮಿಷನ್ನಿಗೆ ಹೋಗಬೇಕು. ಎತ್ತರದ ಗಂಟೆಗೋಪುರವುಳ್ಳ ಆ ದೇವಾಲಯದ ಹೆಸರಿಗಿಂತ ಅಲ್ಲಿ ನಡೆದ ಒಂದು ಚಹಾದ ಪ್ರಸಂಗವೇ ಹೆಚ್ಚು ಪ್ರಸಿದ್ಧ. ೧೮೯೦ರ ಅಕ್ಟೋಬರದಲ್ಲಿ ಮಿಷನ್ನಿನವರು ನಗರದ ಗಣ್ಯರನ್ನು ಕರೆದಿದ್ದರು. ರಾನಡೆ, ತಿಲಕ, ಗೋಖಲೆ ಮೊದಲಾದವರು ಬಂದಿದ್ದರು. ಮಾತು ಮುಗಿದ ಮೇಲೆ ಚಹಾ ಬಂದಿತು. ಕೆಲವರು ಕುಡಿದರು, ಕೆಲವರು ಮರ್ಯಾದೆಗೆ ಬಟ್ಟಲನ್ನು ಮುಟ್ಟಿಟ್ಟರು. ಗೋಪಾಳರಾವ್ ಜೋಶಿಯವರು ಹೆಸರುಗಳನ್ನು ಪತ್ರಿಕೆಯಲ್ಲಿ ಬಯಲು ಮಾಡಿದರು. ಶಂಕರಾಚಾರ್ಯರವರೆಗೆ ದೂರು ಹೋಗಿ, ವಿಚಾರಣೆಯಾಗಿ, ಪ್ರಾಯಶ್ಚಿತ್ತದ ಮಾತು ಎದ್ದಿತು. ರಾನಡೆಯವರಂತಹ ನ್ಯಾಯಾಧೀಶರೂ ಅದಕ್ಕೆ ತಲೆಬಾಗಬೇಕಾಯಿತು. ಒಂದು ಬಟ್ಟಲು ಚಹಾಕ್ಕೆ ಇಷ್ಟು!

ಇದೇ ನಗರದಲ್ಲಿ ನಮ್ಮ ಮಾಣಿಗಳು ಇಂದು ಬೆಳಗಿನಿಂದ ರಾತ್ರಿಯವರೆಗೆ ಕುಳಿತವನ ಜಾತಿಯನ್ನೂ ಮತವನ್ನೂ ಕೇಳದೆ ಚಹಾ ಕೊಡುತ್ತಿದ್ದಾರೆ. ಒಂದೇ ಮೇಜಿನಲ್ಲಿ ಎಲ್ಲರೂ ಕುಡಿದು ಏಳುತ್ತಾರೆ. ಈ ಬದಲಾವಣೆಗೆ ಕಾಯಿದೆಯೂ ಸುಧಾರಕರೂ ಕಾರಣರು, ನಿಜ. ಬಟ್ಟಲನ್ನು ಹೊತ್ತು ತಂದ ಕೈಗಳೂ ಅಷ್ಟಿಷ್ಟು ಕಾರಣವೆಂದು ನಾವು ನಂಬಿದ್ದೇವೆ. ಪಂಚಹೌದದ ಮುಂದೆ ನಿಂತು ನಮ್ಮ ಹುಡುಗರು ತಿಳಿಯಬೇಕಾದ ವಿಷಯ ಇದು.

ಇನ್ನು ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರ. ಅದೂ ಕಲ್ಲನ್ನು ಕೊರೆದು ಮಾಡಿದ ಗುಡಿ, ದುಂಡಾದ ನಂದಿಮಂಟಪವಿದೆ, ಎಂಟನೆಯ ಶತಮಾನದ ರಾಷ್ಟ್ರಕೂಟರ ಕಾಲದ್ದೆನ್ನುತ್ತಾರೆ. ಪುಣೆಯ ಹೆಸರು ಬರುವ ಅತಿ ಹಳೆಯ ದಾಖಲೆಗಳೂ ಆ ಮನೆತನದ ಒಂದನೆಯ ಕೃಷ್ಣನ ೭೫೮ ಮತ್ತು ೭೬೮ರ ತಾಮ್ರಪಟಗಳೇ. ನಮ್ಮ ಎಷ್ಟೋ ಗುಮಾಸ್ತರು ದಿನವೂ ಬಸ್ಸಿನಲ್ಲಿ ಆ ರಸ್ತೆಯಲ್ಲೇ ಸಾಗುತ್ತಾರೆ. ಇಳಿದು ನೋಡಿದವರು ವಿರಳ.

ಹೋಗುವ ಕ್ರಮವನ್ನೂ ಹೇಳಿಬಿಡೋಣ. ಪುಣೆಯಿಂದ ಲೋಣಾವಳೆಯ ಲೋಕಲ್ ರೈಲಿನಲ್ಲಿ ಮಳವಲಿಯಲ್ಲಿ ಇಳಿಯಬೇಕು. ಒಂದು ಬದಿಗೆ ಕಾರ್ಲೆ. ಇನ್ನೊಂದು ಬದಿಗೆ ಅದಕ್ಕಿಂತ ಹಳೆಯದಾದ ಭಾಜೆಯ ಗುಹೆಗಳು. ಬೆಳಗಿನ ಗಾಡಿ ಹಿಡಿದರೆ ಎರಡನ್ನೂ ನೋಡಿ ಸಂಜೆಗೆ ಹಿಂದಿರುಗಬಹುದು. ನಗರದ ಮೂರು ಸ್ಥಳಗಳಿಗೆ ಅರ್ಧ ದಿನ ಸಾಕು. ಮಾರ್ಗದರ್ಶಕರನ್ನು ಕರೆದೊಯ್ಯುವವರು ಮೊದಲೇ ಕೇಳಿಕೊಳ್ಳಿ: “ಕಂಬದ ಮೇಲಿನ ಹೆಸರುಗಳನ್ನು ಓದಿ ಹೇಳುತ್ತೀರಾ?” ಬಲ್ಲವರು ಸಿಕ್ಕರೆ ಅವರ ದಕ್ಷಿಣೆ ವ್ಯರ್ಥವಲ್ಲ. ಸಿಗದಿದ್ದರೆ ಈ ಪುಟವನ್ನು ಕತ್ತರಿಸಿ ಜೇಬಿನಲ್ಲಿ ಒಯ್ಯಿರಿ. ಗೋಡೆಯ ಮೇಲೆ ಮಾತ್ರ ಯಾರೂ ತಮ್ಮ ಹೆಸರನ್ನು ಗೀಚಬೇಡಿ. ಅಲ್ಲಿ ಹೆಸರು ಬರೆಸಿದವರು ಕಂಬವನ್ನು ಕೊಟ್ಟು ಬರೆಸಿದವರು.

ಕಡೆಯದಾಗಿ ಹೋಟೆಲಿನ ಮಾಲಕ ಬಂಧುಗಳಲ್ಲಿ ಒಂದು ಅರಿಕೆ. ವಾರಕ್ಕೊಂದು ದಿನದ ರಜೆ ೧೯೪೮ರ ಮುಂಬಯಿ ಅಂಗಡಿಗಳ ಕಾಯಿದೆಯಲ್ಲೇ ಇತ್ತು. ನಿಗದಿತ ಸಂಖ್ಯೆಗೆ ಕಡಮೆಯಿಲ್ಲದೆ ಮಂದಿ ದುಡಿಯುವ ಸಂಸ್ಥೆಗಳಿಗೆ ಈಗಿರುವ ೨೦೧೭ರ ಮಹಾರಾಷ್ಟ್ರದ ಕಾಯಿದೆಯಲ್ಲಿಯೂ ಇದೆ. ನಾವು ಅದನ್ನು ಮುರಿದವರು. ಆದುದರಿಂದ ಉಪದೇಶಿಸುವ ಅಧಿಕಾರ ನಮಗಿಲ್ಲ. ತಪ್ಪಿತಸ್ಥನು ತನ್ನ ಜೊತೆಯವರಿಗೆ ಹೇಳುವಂತೆ ಹೇಳುತ್ತಿದ್ದೇವೆ: ಆ ದಿನವನ್ನು ಕೊಡಿ, ಕೊಟ್ಟ ಮೇಲೆ ಕರೆಸಬೇಡಿ.

ಕಾರ್ಲೆಯಿಂದ ಬಂದ ವಾರವೇ ನಮ್ಮ ಹಳೆಯ ಅಡಿಗೆಯವರಿಗೆ ಕಾಗದ ಬರೆದೆವು. ಬನ್ನಿ, ವೆಚ್ಚ ನಮ್ಮದು, ಬನವಾಸಿಯವನ ಹೆಸರನ್ನು ತೋರಿಸುತ್ತೇವೆ ಎಂದೆವು. ಅವರ ಉತ್ತರ ಬಂದಿದೆ. ಮೊಣಕಾಲಿಗೆ ಈಗ ಅಂಗಳದ ಮೆಟ್ಟಿಲೂ ಹತ್ತಲು ಆಗುವುದಿಲ್ಲವಂತೆ. ಕಿರಿಯ ಮಗ ಪುಣೆಯಲ್ಲೇ ಒಂದು ಹೋಟೆಲಿನಲ್ಲಿ ಸೇರಿ ಎರಡು ವರ್ಷಗಳಾದುವಂತೆ. ಅವನನ್ನಾದರೂ ಕರೆದುಕೊಂಡು ಹೋಗಿ ತೋರಿಸಬೇಕೆಂದು ಬರೆದಿದ್ದಾರೆ. ಹುಡುಗನನ್ನು ಕಂಡು ಮಾತಾಡಿದೆವು. ಬರಲು ಆಸೆಯಿದೆ, ಯಜಮಾನರನ್ನು ಕೇಳಲು ಧೈರ್ಯವಿಲ್ಲ ಎಂದನು. ಆ ಯಜಮಾನರು ನಮ್ಮ ಪತ್ರಿಕೆಯ ವಾಚಕರು. ಬರುವ ಮಂಗಳವಾರ ಬೆಳಗಿನ ಲೋಕಲ್ಲಿಗೆ ನಾವು ಹೋಗುವವರಿದ್ದೇವೆ. ಹುಡುಗನಿಗಾಗಿ ಟಿಕೇಟು ಕೊಳ್ಳಬಹುದೇ ಎಂದು ಅವರನ್ನು ಈ ಮೂಲಕ ಕೇಳುತ್ತಿದ್ದೇವೆ.